4,000 ಪುಟದ ಧಾರ್ಮಿಕ ಸಂಸ್ಥೆಯ ವೆಬ್‌ಸೈಟ್ ಹೊಸದಾಗಿ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಪುಟಗಾರ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಾನು ಒಂದು ಧಾರ್ಮಿಕ ಸೇವಾ ಸಂಸ್ಥೆಯಲ್ಲಿ ಸ್ವಯಂಸೇವಕ. ಯಾವ ಧರ್ಮ, ಯಾವ ಸಂಸ್ಥೆ ಅನ್ನೋದು ಬೇಡ, ಈ ತಲೆನೋವು ಎಲ್ಲ ಕಡೆ ಒಂದೇ ಥರ ಇರುತ್ತದೆ ಅಂತ ನನ್ನ ಅಂದಾಜು. ನಮ್ಮ ವೆಬ್‌ಸೈಟ್ 2006ರಲ್ಲಿ ಯಾರೋ ಒಬ್ಬರು ಕೈಯಲ್ಲೇ ಎಚ್‌ಟಿಎಂಎಲ್ ಬರೆದು ಶುರು ಮಾಡಿದ್ದು. ಆಮೇಲೆ ಡ್ರೂಪಲ್ 7 ಅನ್ನುವ, ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರಿಗೆ ಬಂತು. ನಡುವೆ ಇನ್ನೊಬ್ಬರು ಬಂದು ಒಂದು ಮೂಲೆಯಲ್ಲಿ ವರ್ಡ್‌ಪ್ರೆಸ್ ಬ್ಲಾಗ್ ಕೂರಿಸಿ ಹೋದರು. ಈಗ ಮೂರೂ ಒಟ್ಟಿಗೆ ಇವೆ, ಒಂದಕ್ಕೊಂದು ಸಂಬಂಧ ಇಲ್ಲ. ಡ್ರೂಪಲ್ 7ರ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು. ಭದ್ರತೆಯ ಅಪ್‌ಡೇಟ್ ಇನ್ನು ಬರುವುದಿಲ್ಲ, ಹಾಗಾಗಿ ಈ ಸಲ ಮುಂದೂಡುವ ಹಾಗಿಲ್ಲ.

ಒಳಗೆ ಏನೇನಿದೆ ಅಂದರೆ, ಸುಮಾರು 1,100 ಉಪನ್ಯಾಸಗಳ ಆಡಿಯೊ, ಪತ್ರಿಕೆಯ ಹಳೇ ಸಂಚಿಕೆಗಳ ಪಿಡಿಎಫ್, ಪ್ರಶ್ನೋತ್ತರ, ಲೇಖನಗಳು, ಪ್ರತಿ ವರ್ಷದ ಕಾರ್ಯಕ್ರಮಗಳ ವರದಿ, ಫೋಟೊ ಆಲ್ಬಂ, ಮತ್ತೆ ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲದ ಒಂದಷ್ಟು. ಒಟ್ಟು 4,000ಕ್ಕೂ ಹೆಚ್ಚು ಪುಟ. ಮೆನುವಿನಲ್ಲಿ 11 ಬಾಗಿಲು, ಒಂದೊಂದು ಬಾಗಿಲ ಒಳಗೂ ಇನ್ನೊಂದು ಬಾಗಿಲು. ಹೋಂ ಪೇಜ್ ಮೇಲೆ 9 ಚಿತ್ರ ಸುತ್ತುವ ಸ್ಲೈಡರ್ ಇದೆ, ಏಕೆಂದರೆ ಸಂಸ್ಥೆಯಲ್ಲಿ 9 ವಿಭಾಗ ಇವೆ. ಇಷ್ಟೆಲ್ಲ ಇದ್ದೂ ಜನ ಕಚೇರಿಗೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಈ ವಾರದ ಸಭೆ ಎಷ್ಟು ಗಂಟೆಗೆ?"

ಕಮಿಟಿಯವರಿಗೆ ಮೂರು ತಿಂಗಳಲ್ಲಿ "ಹೊಸ ಲುಕ್" ಬೇಕು. ಒಂದು ಡಿಸೈನ್ ಕಂಪನಿಯವರು ಬಂದು ಹೋಂ ಪೇಜಿನ ಚಿತ್ರ ತೋರಿಸಿದರು, ನಿಜವಾಗಿ ಚೆನ್ನಾಗಿತ್ತು, ಎಲ್ಲರೂ ಒಪ್ಪಿಬಿಟ್ಟರು. ಒಳಗಿನ ಒಂದು ಪುಟವನ್ನೂ ಅವರು ತೆರೆದು ನೋಡಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಹಿರಿಯರು ಬೇರೆ ಒಂದು ಮಾತು ಹೇಳಿದ್ದಾರೆ, "ಏನನ್ನೂ ತೆಗೆಯಬಾರದು, ಒಂದೊಂದು ಅಕ್ಷರವೂ ಗುರುಗಳದ್ದು."

ನಾನು ಎಲ್ಲಿಂದ ಶುರು ಮಾಡಲಿ? ಯಾವ ಪ್ಲಾಟ್‌ಫಾರ್ಮ್ ಹಿಡಿಯಲಿ? ಏನನ್ನೂ ತೆಗೆಯದೆ ಇದನ್ನು ಸರಿ ಮಾಡುವುದು ಸಾಧ್ಯವಾ?

ಕಡತದ ಹುಳು:

ಪ್ಲಾಟ್‌ಫಾರ್ಮ್ ಮಾತು ಆಮೇಲೆ. ಡಿಸೈನ್ ಮಾತಂತೂ ಇನ್ನೂ ಆಮೇಲೆ. ಮೊದಲು ಒಂದು ಸ್ಪ್ರೆಡ್‌ಶೀಟ್ ತೆಗೆಯಿರಿ. ಇರುವ ಪ್ರತಿಯೊಂದು ಪುಟಕ್ಕೂ ಒಂದು ಸಾಲು.

ಬೇಜಾರಿನ ಕೆಲಸ, ಗೊತ್ತು. ಆದರೆ ನೀವು "ಸುಮಾರು" 1,100 ಆಡಿಯೊ, "4,000ಕ್ಕೂ ಹೆಚ್ಚು" ಪುಟ ಅಂತ ಬರೆದಿದ್ದೀರಿ, "ಒಂದಷ್ಟು" ಅಂತಲೂ ಬರೆದಿದ್ದೀರಿ. ಆ ಒಂದಷ್ಟರಲ್ಲೇ ಎಲ್ಲ ಅಡಗಿರುವುದು. ಸ್ಕ್ರೀಮಿಂಗ್ ಫ್ರಾಗ್ ಥರದ ಸಾಧನದಿಂದ ಇಡೀ ಸೈಟನ್ನು ಸುತ್ತಿಸಿ ಪಟ್ಟಿ ತೆಗೆಯಬಹುದು. ಉಚಿತ ಆವೃತ್ತಿ 500 ವಿಳಾಸಕ್ಕೆ ನಿಂತುಬಿಡುತ್ತದೆ, ನಿಮಗೆ ಅದು ಸಾಲದು. ಡ್ರೂಪಲ್ ಡೇಟಾಬೇಸಿನಿಂದಲೇ ನೇರವಾಗಿ ಪಟ್ಟಿ ತೆಗೆಯುವುದು ಇನ್ನೂ ಒಳ್ಳೆಯದು, ಏಕೆಂದರೆ ಎಲ್ಲಿಂದಲೂ ಲಿಂಕ್ ಇಲ್ಲದ ಅನಾಥ ಪುಟಗಳೂ ಸಿಗುತ್ತವೆ. 2006ರ ಕೈಬರಹದ ಪುಟಗಳನ್ನು ಮಾತ್ರ ಸರ್ವರ್ ಫೋಲ್ಡರಿನಲ್ಲೇ ಹುಡುಕಬೇಕು.

ಜನ ಏನು ಓದುತ್ತಾರೆ ಅನ್ನುವುದಕ್ಕೆ ಗೂಗಲ್ ಸರ್ಚ್ ಕನ್ಸೋಲ್ ನೋಡಿ, 16 ತಿಂಗಳ ಲೆಕ್ಕ ಸಿಗುತ್ತದೆ. ಇವತ್ತೇ ಇಳಿಸಿಕೊಳ್ಳಿ. ಓದುಗರ ಲೆಕ್ಕ ಇಡುವ ಗೂಗಲ್ಲಿನ ಹಳೇ ಯೂನಿವರ್ಸಲ್ ಅನಲಿಟಿಕ್ಸ್ ನಂಬಿಕೊಂಡಿದ್ದರೆ ಅದು 2023ರ ಜುಲೈನಲ್ಲೇ ಲೆಕ್ಕ ಹಿಡಿಯುವುದನ್ನು ನಿಲ್ಲಿಸಿತು, ಒಂದು ವರ್ಷದ ಮೇಲೆ ಹಳೆಯದನ್ನು ನೋಡಲೂ ಬಿಡಲಿಲ್ಲ.

ಒಂದು ಎಚ್ಚರಿಕೆ. "ಕಡಿಮೆ ಓದುಗರು, ಆದ್ದರಿಂದ ತೆಗೆಯಬಹುದು" ಅನ್ನುವ ಲೆಕ್ಕ ಅಂಗಡಿಯ ಸೈಟಿಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ನಾವು ಇಂಥದ್ದೇ ಒಂದು ಸೈಟ್ ಮಾಡುವಾಗ, ಮಗು ಕಳೆದುಕೊಂಡ ತಾಯಿಯೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರದ ಪುಟ ತಿಂಗಳಿಗೆ ಹತ್ತು ಹನ್ನೆರಡು ಜನ ಓದುವ ಪಟ್ಟಿಯಲ್ಲಿತ್ತು. ನಾನು ಅದಕ್ಕೆ ಕೆಂಪು ಬಣ್ಣ ಹಚ್ಚಿದ್ದೆ. ಆಮೇಲೆ ನೋಡಿದರೆ ಬಂದವರು ಆ ಪುಟದಲ್ಲಿ ಹತ್ತು ನಿಮಿಷ ಇರುತ್ತಿದ್ದರು, ಹೆಚ್ಚಿನವರು ರಾತ್ರಿ ಹೊತ್ತು ಬರುತ್ತಿದ್ದರು. ಬಣ್ಣ ಅಳಿಸಿದೆ.

ಕಾಲಂ ಏನೇನು ಅಂತ ನೀವೇ ಯೋಚಿಸಿ, ವಿಳಾಸ, ಶೀರ್ಷಿಕೆ, ಯಾವ ಬಗೆ, ಯಾವಾಗಿನದು, ಇಷ್ಟು ಹೇಗೂ ಇರುತ್ತದೆ. ನಾನು ಹೇಳುವುದು ಕೊನೆಯ ಕಾಲಂ ಬಗ್ಗೆ, "ಯಾರ ಜವಾಬ್ದಾರಿ". ವಿಭಾಗದ ಹೆಸರು ಬೇಡ, ವ್ಯಕ್ತಿಯ ಹೆಸರು ಬರೆಯಿರಿ. ಮುಕ್ಕಾಲು ಪಾಲು ಖಾಲಿ ಉಳಿಯುತ್ತದೆ. ಆ ಖಾಲಿ ಕಾಲಂ ಅನ್ನು ಕಮಿಟಿಗೆ ತೋರಿಸಿ, ಮೂರು ತಿಂಗಳ ಮಾತು ತಾನಾಗೇ ನಿಲ್ಲುತ್ತದೆ.

ಸಂಪಾದಕಿ:

ಪುಟಗಾರ ಅವರೇ, ನಾನು ಒಂದು ಧಾರ್ಮಿಕ ಪತ್ರಿಕೆಯಲ್ಲಿ ಬಹಳ ವರ್ಷ ಸಂಪಾದಕಿಯಾಗಿದ್ದೆ, ಆಮೇಲೆ ಅದರ ವೆಬ್‌ಸೈಟೂ ನನ್ನ ತಲೆಗೇ ಬಂತು. ಹಿರಿಯರು ಹೇಳಿದ ಮಾತನ್ನು ಅಡ್ಡಿ ಅಂದುಕೊಳ್ಳಬೇಡಿ. ಅವರು ಹೇಳಿದ್ದು ಸರಿಯೇ ಇದೆ, ಅರ್ಧ. ಗುರುಗಳ ಮಾತು ತೆಗೆಯಬಾರದು. ಆದರೆ ಆ ಸೈಟಿನಲ್ಲಿ ಇರುವುದೆಲ್ಲ ಗುರುಗಳ ಮಾತಲ್ಲ, ಅಲ್ವಾ? ಅರ್ಧಕ್ಕರ್ಧ ಕಚೇರಿಯ ಮಾತು. "2011ರ ವಾರ್ಷಿಕ ಸಭೆಗೆ ಎಲ್ಲರಿಗೂ ಸ್ವಾಗತ" ಅನ್ನುವುದನ್ನು ಯಾವ ಗುರುವೂ ಹೇಳಿಲ್ಲ.

ಹಾಗಾಗಿ ನಿಮ್ಮ ಶೀಟಿನಲ್ಲಿ ಇನ್ನೊಂದು ಕಾಲಂ ಸೇರಿಸಿ: ಇದು ಉಪದೇಶವಾ, ಕಚೇರಿಯ ಸುದ್ದಿಯಾ? ಇಷ್ಟು ಮಾಡಿದರೆ ಜಗಳ ಅರ್ಧ ಕರಗುತ್ತದೆ. ಕಚೇರಿಯ ಸುದ್ದಿಯಲ್ಲಿ ಹಳೆಯದನ್ನು ಒಂದು ಬ್ಯಾಕಪ್ ಮಾಡಿಟ್ಟು ಧೈರ್ಯವಾಗಿ ಇಳಿಸಿ. ಉಪದೇಶವನ್ನು ಅಳಿಸಬೇಡಿ, ಅಟ್ಟಕ್ಕೆ ಏರಿಸಿ. ಅಟ್ಟ ಅಂದರೆ ಮೂಲೆಗುಂಪು ಅಂತ ಅರ್ಥ ಅಲ್ಲ. ಅದಕ್ಕೊಂದು ಸ್ವಂತ ಬಾಗಿಲು, ಸ್ವಂತ ಹುಡುಕಾಟ, ಗ್ರಂಥಾಲಯದ ಹಾಗೆ. ಮನೆಯ ಮುಂಬಾಗಿಲಲ್ಲಿ ಮಾತ್ರ ಇವತ್ತು ಬೇಕಾದದ್ದು ಇರಲಿ. ಸಭೆಯ ಸಮಯ, ಬರುವ ದಾರಿ, ಮೊದಲ ಸಲ ಬರುವವರಿಗೆ ನಾಲ್ಕು ಮಾತು, ಸಹಾಯ ಬೇಕಾದರೆ ಯಾರನ್ನು ಕೇಳಬೇಕು, ದೇಣಿಗೆ. ಮುಗಿಯಿತು.

ಗ್ರಂಥಾಲಯದ ಕಡೆ ಮಾತ್ರ ಮನಸ್ಸಿಟ್ಟು ಕೆಲಸ ಮಾಡಬೇಕು, ಅದೇ ನಿಮ್ಮ ಸಂಸ್ಥೆಯ ಆಸ್ತಿ. ಪ್ರತಿ ಉಪನ್ಯಾಸಕ್ಕೂ ಯಾರು, ಯಾವಾಗ, ಎಲ್ಲಿ, ಯಾವ ಭಾಷೆ, ಎಷ್ಟು ನಿಮಿಷ, ಯಾವ ವಿಷಯ, ಯಾವ ಗ್ರಂಥದ ಯಾವ ಭಾಗ, ಬರಹ ರೂಪ ಇದೆಯೋ ಇಲ್ಲವೋ, ಇಷ್ಟನ್ನೂ ಬೇರೆ ಬೇರೆ ಖಾನೆಗಳಲ್ಲಿ ತುಂಬಿ. ಒಂದೇ ಪ್ಯಾರಾದಲ್ಲಿ ಸುರಿದಿಟ್ಟರೆ ಮುಂದೆ ಅದನ್ನು ವಿಂಗಡಿಸಲು ಯಾವ ಸಾಫ್ಟ್‌ವೇರಿಗೂ ಆಗುವುದಿಲ್ಲ. ದಿನಾಂಕ ಎದ್ದು ಕಾಣಬೇಕು. ನಮ್ಮಲ್ಲಿ ಒಂದು ಹಳೇ ಉಪನ್ಯಾಸದಲ್ಲಿ ಮದ್ದಿನ ಬಗ್ಗೆ ಒಂದು ಮಾತು ಬಂದಿತ್ತು, ಆ ಕಾಲಕ್ಕೆ ಅದು ಸರಿ. ಇಪ್ಪತ್ತು ವರ್ಷದ ಮೇಲೆ ಯಾರೋ ಅದನ್ನು ಹೊಸ ಉಪದೇಶ ಅಂತ ವಾಟ್ಸಾಪಿನಲ್ಲಿ ಹಂಚಿ ದೊಡ್ಡ ರಂಪ ಆಯಿತು. ಪುಟದ ಮೇಲೆ ವರ್ಷವೇ ಇರಲಿಲ್ಲ. ಅವರದ್ದೇನು ತಪ್ಪು?

ಟ್ಯಾಗ್ ಬಗ್ಗೆ ಒಂದು ಮಾತು. ಎಲ್ಲರೂ ಮನಸ್ಸಿಗೆ ಬಂದ ಟ್ಯಾಗ್ ಹಾಕುತ್ತಾ ಹೋದರೆ ನಮ್ಮ ಗತಿಯೇ ನಿಮಗೂ. ನಮ್ಮಲ್ಲಿ 640 ಟ್ಯಾಗ್ ಇದ್ದವು. ಪ್ರಾರ್ಥನೆ, ಪ್ರಾರ್ಥನೆಗಳು, ಪ್ರಾರ್ಥನೆಯ ಮಹತ್ವ, ಮತ್ತೆ "ಪ್ರಾಥನೆ", ನಾಲ್ಕೂ ಬೇರೆ ಬೇರೆ. ಕೂತು ಕೂತು 45ಕ್ಕೆ ಇಳಿಸಿದೆವು, ಹೊಸ ಟ್ಯಾಗ್ ಸೇರಿಸುವ ಅಧಿಕಾರ ಇಬ್ಬರಿಗೆ ಮಾತ್ರ ಕೊಟ್ಟೆವು. ಇಬ್ಬರಲ್ಲಿ ಒಬ್ಬಳು ನಾನು, ಎಷ್ಟು ಜನ ನನ್ನ ಮೇಲೆ ಮುನಿಸಿಕೊಂಡರು ಅಂತ ಕೇಳಬೇಡಿ.

ಮೆನು ಮಾಡುವ ಮೊದಲು ಚೀಟಿ ಆಟ ಆಡಿಸಿ. ಐವತ್ತು ಪುಟಗಳ ಹೆಸರು ಐವತ್ತು ಚೀಟಿಯಲ್ಲಿ ಬರೆದು ಜನರ ಕೈಗೆ ಕೊಟ್ಟು "ನಿಮಗೆ ಸರಿ ಅನ್ನಿಸಿದ ಹಾಗೆ ಗುಂಪು ಮಾಡಿ, ಗುಂಪಿಗೊಂದು ಹೆಸರಿಡಿ" ಅನ್ನಿ. ಅರ್ಧ ಜನ ಸಂಸ್ಥೆಯವರು, ಅರ್ಧ ಜನ ಹೊರಗಿನವರು ಇರಲಿ. ಒಳಗಿನವರು ವಿಭಾಗದ ಹೆಸರು ಬರೆಯುತ್ತಾರೆ. ಹೊರಗಿನವರು "ನನಗೆ ಕಷ್ಟ ಇದ್ದಾಗ" ಅಂತ ಬರೆಯುತ್ತಾರೆ.

ರಾತ್ರಿಪಾಳಿ:

ಮೇಲಿನ ಇಬ್ಬರೂ ಹೇಳಿದ್ದು ಸರಿ. ಟೆಕ್ನಿಕಲ್ ಕಡೆಯಿಂದ ನಾನು ಸೇರಿಸುತ್ತೇನೆ, ಏಕೆಂದರೆ ಚೆನ್ನಾಗಿ ಮಾಡಿದ ಸೈಟುಗಳು ಬಿಡುಗಡೆಯ ದಿನ ಸಾಯುವುದು ಇಲ್ಲೇ.

ವಿಳಾಸಗಳು. ನಿಮ್ಮ ಪತ್ರಿಕೆಯಲ್ಲಿ, ಪುಸ್ತಕಗಳ ಹಿಂದೆ ವೆಬ್ ವಿಳಾಸ ಅಚ್ಚಾಗಿರುತ್ತದೆ. ಕ್ಯೂಆರ್ ಕೋಡ್ ಕೂಡ ಇರಬಹುದು. ಅಚ್ಚಾದ ಪುಸ್ತಕವನ್ನು ವಾಪಸ್ ತರಿಸಿ ತಿದ್ದಲು ಆಗುವುದಿಲ್ಲ. ಆದ್ದರಿಂದ ಹಳೇ ವಿಳಾಸ ಪ್ರತಿಯೊಂದಕ್ಕೂ ಹೊಸ ವಿಳಾಸ ಯಾವುದು ಅಂತ ಅದೇ ಶೀಟಿನಲ್ಲಿ ಬರೆದು 301 ರೀಡೈರೆಕ್ಟ್ ಹಾಕಿ, ಅಂದರೆ ಹಳೇ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ಸೂಚನೆ. 302 ಬೇಡ, ಅದು ತಾತ್ಕಾಲಿಕ ಅಂತ ಹೇಳುತ್ತದೆ. ಸೋಮಾರಿತನಕ್ಕೆ ಎಲ್ಲವನ್ನೂ ಹೋಂ ಪೇಜಿಗೆ ತಿರುಗಿಸುವವರಿದ್ದಾರೆ. ದಯವಿಟ್ಟು ಬೇಡ. ಗೂಗಲ್ ಅದನ್ನು "ಪುಟ ಇಲ್ಲ" ಅಂತಲೇ ಲೆಕ್ಕ ಹಾಕಬಹುದು, ಓದುಗನಿಗಂತೂ ಉಪನ್ಯಾಸ ಕೇಳಿದರೆ ಬಾಗಿಲು ತೋರಿಸಿದ ಹಾಗೆ. ನಿಜವಾಗಿ ತೆಗೆದ ಪುಟಕ್ಕೆ 410 ಅನ್ನುವ ಸಂಕೇತ ಕೊಡಿ, "ಇದನ್ನು ಬೇಕೆಂದೇ ತೆಗೆದಿದ್ದೇವೆ" ಅಂತ ಅರ್ಥ. ರೀಡೈರೆಕ್ಟುಗಳನ್ನು ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ ಹೇಳುತ್ತದೆ. ಅಚ್ಚಿನಲ್ಲಿರುವ ವಿಳಾಸಗಳಿಗೆ ನಾನು ಹೇಳುವುದು, ಸೈಟ್ ಇರುವವರೆಗೂ ಇಡಿ. ಈ ಹಿಂದೆಯೇ ಕಳೆದುಹೋದ ವಿಳಾಸಗಳು ಬೇಕಾದರೆ ಹಳೇ ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನಿನಲ್ಲಿ ನಿಮ್ಮ ಡೊಮೇನ್ ಹಾಕಿ ನೋಡಿ, 2006ರ ಪುಟಗಳೂ ಸಿಕ್ಕರೆ ಆಶ್ಚರ್ಯ ಇಲ್ಲ.

ಹೊಸ ವಿಳಾಸ ಕೊಡುವಾಗ ವಿಭಾಗದ ಹೆಸರು ಅದರೊಳಗೆ ತುರುಕಬೇಡಿ. ವಿಭಾಗಗಳು ಬದಲಾಗುತ್ತವೆ. ಗ್ರಂಥಗಳಿಗೆ ಈಗಾಗಲೇ ಅಧ್ಯಾಯ, ಸಂಖ್ಯೆ ಇರುತ್ತದಲ್ಲ, ಅದನ್ನೇ ಬಳಸಿ. ಕುರ್‌ಆನ್ ಡಾಟ್ ಕಾಮ್ ನೋಡಿ, ಅಧ್ಯಾಯ 2, ವಚನ 255 ಬೇಕಾದರೆ ವಿಳಾಸದಲ್ಲಿ ಅದೇ ಎರಡು ಅಂಕಿ. ಯಹೂದಿ ಗ್ರಂಥಗಳ ಸೆಫಾರಿಯಾ, ಬೌದ್ಧ ಸೂತ್ರಗಳ ಸುತ್ತಸೆಂಟ್ರಲ್ ಮಾಡಿರುವುದೂ ಇದೇ ಥರ. ಜನ ಈಗಾಗಲೇ ಬಳಸುತ್ತಿರುವ ಲೆಕ್ಕ ಕಣ್ಣ ಮುಂದೆ ಇರುವಾಗ ನಾವು ಹೊಸದು ಯಾಕೆ ಹುಟ್ಟಿಸಬೇಕು? ನಿಮ್ಮ ಉಪನ್ಯಾಸಗಳಿಗೆ ಅಂಥ ಸಂಖ್ಯೆ ಇಲ್ಲದಿದ್ದರೆ ದಿನಾಂಕವೇ ಸಾಕು.

ಆಡಿಯೊ. 45 ನಿಮಿಷದ ಮಾತು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಗುಣಮಟ್ಟದಲ್ಲಿ ಸುಮಾರು 43 ಎಂಬಿ. ಒಬ್ಬರೇ ಮಾತಾಡುವ ರೆಕಾರ್ಡಿಂಗಿಗೆ ಸ್ಟೀರಿಯೊ ಬೇಕಿಲ್ಲ, 64 ಕೆಬಿಪಿಎಸ್ ಮೊನೊ ಮಾಡಿ, ಅರ್ಧಕ್ಕೆ ಇಳಿಯುತ್ತದೆ, ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೂಲ ಫೈಲನ್ನು ಮಾತ್ರ ಮುಟ್ಟದೆ ಎರಡು ಕಡೆ ಬೇರೆ ಎತ್ತಿಡಿ. ಹಾಡು ಇದ್ದರೆ ಈ ಮಾತು ಅನ್ವಯಿಸುವುದಿಲ್ಲ.

ಪ್ಲಾಟ್‌ಫಾರ್ಮ್. ಡ್ರೂಪಲ್ 7ರಿಂದ ಮುಂದಿನ ಡ್ರೂಪಲ್‌ಗೆ ಹೋಗುವುದು ಒಂದು ಬಟನ್ ಒತ್ತುವ ಕೆಲಸ ಅಲ್ಲ, ಮನೆ ಬದಲಾಯಿಸಿದಷ್ಟೇ ಕೆಲಸ. ಹೇಗೂ ಬದಲಾಯಿಸುವುದಾದರೆ ನಾನಾದರೆ ಎಲ್ಲವನ್ನೂ ಸ್ಟ್ಯಾಟಿಕ್ ಸೈಟ್, ಅಂದರೆ ಮೊದಲೇ ಸಿದ್ಧ ಮಾಡಿಟ್ಟ ಪುಟಗಳ ಸೈಟ್ ಮಾಡುತ್ತೇನೆ. ಡೇಟಾಬೇಸ್ ಇಲ್ಲ, ಹ್ಯಾಕ್ ಆಗುವ ಭಯ ಕಡಿಮೆ, ಹತ್ತು ವರ್ಷ ಮುಟ್ಟದಿದ್ದರೂ ನಿಂತಿರುತ್ತದೆ.

ಮೆನು ಬೇಡ:

@ರಾತ್ರಿಪಾಳಿ ಕೊನೆಯ ಪ್ಯಾರಾ ಬಿಟ್ಟು ಉಳಿದದ್ದಕ್ಕೆಲ್ಲ ಸೈ. ಸ್ಟ್ಯಾಟಿಕ್ ಮಾಡಿ ನಾನು ಕೈ ಸುಟ್ಟುಕೊಂಡಿದ್ದೇನೆ ಗುರು. ಸ್ವಯಂಸೇವಕರು ಆರು ಜನ, ಅದರಲ್ಲಿ ನಾಲ್ಕು ಜನಕ್ಕೆ ಅರವತ್ತು ದಾಟಿದೆ. ಸರಳ ಚಿಹ್ನೆಗಳಲ್ಲಿ ಪುಟ ಬರೆಯುವ ಮಾರ್ಕ್‌ಡೌನ್ ಕಲಿಸಿದೆ, ಬದಲಾವಣೆಗಳ ದಾಖಲೆ ಇಡುವ ಗಿಟ್ ಕಲಿಸಿದೆ, ತಲೆಯಾಡಿಸಿದರು. ಮೂರನೇ ವಾರದಿಂದ ಎಲ್ಲವೂ ನನ್ನ ವಾಟ್ಸಾಪಿಗೇ ಬರತೊಡಗಿತು, "ಸ್ವಲ್ಪ ಇದನ್ನು ಹಾಕಿಬಿಡಪ್ಪ." ಒಂದೂವರೆ ವರ್ಷ ನಾನೇ ಆ ಸಂಸ್ಥೆಯ ಟೈಪಿಸ್ಟ್.

ಯಾರು ದಿನಾ ಬಳಸುತ್ತಾರೋ ಅವರ ಕೈಗೆ ಕೂರುವ ಉಪಕರಣ ಕೊಡಬೇಕು, ನಮಗೆ ಇಷ್ಟವಾದದ್ದನ್ನಲ್ಲ. ವರ್ಡ್‌ಪ್ರೆಸ್ಸೇ ಸಾಕು. ಉಪನ್ಯಾಸ, ಲೇಖನ, ಪ್ರಶ್ನೋತ್ತರ, ಕಾರ್ಯಕ್ರಮ ಅಂತ ನಾಲ್ಕು ಕಸ್ಟಮ್ ಪೋಸ್ಟ್ ಟೈಪ್ (ಪ್ರತಿ ಬಗೆಯ ಪುಟಕ್ಕೂ ಬೇರೆ ಬೇರೆ ಅಚ್ಚು) ಮಾಡಿ, ಸಂಪಾದಕಿ ಮೇಡಂ ಹೇಳಿದ ಖಾನೆಗಳನ್ನು ಒಂದೊಂದಕ್ಕೂ ಫಾರ್ಮ್ ಥರ ಇಡಿ. ತುಂಬಿಸುವವರಿಗೆ ಫಾರ್ಮ್ ಅಂದರೆ ಭಯ ಇಲ್ಲ. ಪ್ಲಗಿನ್, ಅಂದರೆ ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್, ಎಷ್ಟು ಕಡಿಮೆ ಆದರೆ ಅಷ್ಟು ಒಳ್ಳೆಯದು. ಪುಟ ಕಟ್ಟುವ ಎಳೆದು ಬಿಡುವ ಬಿಲ್ಡರ್‌ಗಳು ಬೇಡವೇ ಬೇಡ, ನಾಳೆ ಆ ಪ್ಲಗಿನ್ ತೆಗೆದರೆ ನಿಮ್ಮ ಲೇಖನದ ನಡುವೆ ಆವರಣ ಚಿಹ್ನೆಗಳ ರಾಶಿ ಉಳಿದುಬಿಡಬಹುದು.

2006ರ ಆ ಕೈಬರಹದ ಪುಟಗಳನ್ನು ಬೇಕಾದರೆ ಸ್ಟ್ಯಾಟಿಕ್ ಆಗೇ ಬಿಡಿ. ಅದಕ್ಕೆ ನನ್ನದೇನೂ ತಕರಾರಿಲ್ಲ.

ರಾತ್ರಿಪಾಳಿ:

ಸರಿ, ಒಪ್ಪಿದೆ. ನನ್ನ ಜೊತೆ ಕೆಲಸ ಮಾಡುವವರೆಲ್ಲ ಡೆವಲಪರುಗಳೇ, ಅದಕ್ಕೇ ಹಾಗನ್ನಿಸಿತು.

ಪುಟಗಾರ:

ಎಲ್ಲರಿಗೂ ಧನ್ಯವಾದ. ಎರಡು ದಿನದಿಂದ ಶೀಟ್ ತುಂಬಿಸುತ್ತಾ ಕೂತಿದ್ದೇನೆ. ಈಗ ಎರಡು ಹೊಸ ಸಮಸ್ಯೆ.

ಒಂದು, ಆ 2006ರ ಪುಟಗಳು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ನಲ್ಲಿ ಇಲ್ಲ. ಹಳೇ ಕಾಲದ ಫಾಂಟ್, ಆಗ "ಮೊದಲು ಈ ಫಾಂಟ್ ಇಳಿಸಿಕೊಳ್ಳಿ" ಅಂತ ಮೇಲೆ ಬರೆದಿರುತ್ತಿದ್ದರಲ್ಲ, ಅದು. ಈಗ ತೆರೆದರೆ ಬರೀ ವಿಚಿತ್ರ ಅಕ್ಷರ. ಅಂಥ 37 ಪುಟ ಇವೆ, ಎಲ್ಲವೂ ಉಪನ್ಯಾಸದ ಬರಹ ರೂಪ, ಅದರ ಆಡಿಯೊ ಕೂಡ ಉಳಿದಿಲ್ಲ.

ಎರಡು, ಸರ್ಚ್. "ಧ್ಯಾನ" ಅಂತ ಹಾಕಿದರೆ ನಮ್ಮ ಸೈಟಿನಲ್ಲಿ ನಾಲ್ಕೇ ನಾಲ್ಕು ಪುಟ ಬರುತ್ತದೆ. ಧ್ಯಾನದ ಬಗ್ಗೆ ಕಡಿಮೆ ಅಂದರೂ ಇನ್ನೂರು ಉಪನ್ಯಾಸ ಇವೆ!

ಮತ್ತೆ ಆ ಸ್ಲೈಡರ್. ಅದನ್ನು ತೆಗೆಯುವ ಮಾತೆತ್ತಿದ್ದಕ್ಕೆ ಒಂದು ವಿಭಾಗದವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಕಡತದ ಹುಳು:

ಫಾಂಟ್ ಸಮಸ್ಯೆಗೆ ಪರಿವರ್ತಕಗಳಿವೆ, ಹಳೇ ಫಾಂಟಿನ ಪಠ್ಯ ಕೊಟ್ಟರೆ ಯೂನಿಕೋಡ್ ಮಾಡಿಕೊಡುತ್ತವೆ. ಆದರೆ ಅವುಗಳ ಔಟ್‌ಪುಟ್ ಹಾಗೇ ಹಾಕಬೇಡಿ. ಅರ್ಕಾವತ್ತು ಬಂದ ಕಡೆಯೆಲ್ಲ ಎಡವುತ್ತವೆ. ಹಳೇ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಟೈಪ್ ಮಾಡುತ್ತಿದ್ದರು. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಧರ್ಮ, ಕರ್ಮ, ಅರ್ಥ, ಪ್ರಾರ್ಥನೆ, ನಿಮ್ಮ ಪಠ್ಯದಲ್ಲಿ ಜಾಸ್ತಿ ಬರುವ ಮಾತೆಲ್ಲ ಅರ್ಕಾವತ್ತಿನವೇ! ಒತ್ತಕ್ಷರದ ಮೇಲೆ ದೀರ್ಘ ಬಂದ ಕಡೆಯೂ ನೋಡಿಕೊಳ್ಳಿ. 37 ಪುಟ ತಾನೇ, ಮನುಷ್ಯರೇ ಕೂತು ಓದಿ ತಿದ್ದಬೇಕು. ವಿಷಯ ಗೊತ್ತಿರುವವರು ಓದಿದರೆ ಒಳ್ಳೆಯದು.

ಸರ್ಚ್ ಬಗ್ಗೆ. ಡ್ರೂಪಲ್ 7ರ ಜೊತೆ ಬರುವ ಹುಡುಕಾಟ ಇಡೀ ಪದ ಒಂದೇ ಇದ್ದರೆ ಮಾತ್ರ ಹಿಡಿಯುತ್ತದೆ. ಕನ್ನಡದಲ್ಲಿ "ಧ್ಯಾನ" ಅಂತ ಬರಿದಾಗಿ ಎಷ್ಟು ಸಲ ಬರೆಯುತ್ತೇವೆ ಹೇಳಿ? ಧ್ಯಾನದ, ಧ್ಯಾನಕ್ಕೆ, ಧ್ಯಾನದಲ್ಲಿ, ಧ್ಯಾನವನ್ನು, ಅದಕ್ಕೆ ಇವೆಲ್ಲ ಬೇರೆ ಬೇರೆ ಪದ. ವರ್ಡ್‌ಪ್ರೆಸ್‌ನದ್ದು ಪದದ ಒಳಗಿನ ತುಂಡನ್ನೂ ಹಿಡಿಯುತ್ತದೆ, ಹಾಗಾಗಿ ಇವೆಲ್ಲ ಸಿಗುತ್ತವೆ. ಆದರೆ "ಮನಸ್ಸು" ಅಂತ ಹಾಕಿದರೆ "ಮನಸ್ಸಿನ" ಸಿಗುವುದಿಲ್ಲ, ಉಕಾರ ಇಕಾರ ಆಯಿತಲ್ಲ. ಇದಕ್ಕೆ ಪೂರ್ತಿ ಪರಿಹಾರ ಹುಡುಕುತ್ತಾ ಹೋದರೆ ಒಂದು ವರ್ಷ ಅದರಲ್ಲೇ ಹೋಗುತ್ತದೆ. ವಿಷಯದ ಖಾನೆ ಚೆನ್ನಾಗಿ ತುಂಬಿಸಿ, ಸಂಪಾದಕಿಯವರು ಮಾಡಿದ ಹಾಗೆ ವಿಷಯಗಳ ಪಟ್ಟಿಯನ್ನು ಚಿಕ್ಕದು ಮಾಡಿ, ಆ ವಿಷಯಗಳ ಪುಟಗಳಿಗೆ ಜನರನ್ನು ಕಳಿಸಿ. ಜನ ಹುಡುಕಿ ಏನೂ ಸಿಗದ ಪದಗಳನ್ನು ದಾಖಲಿಸಿಟ್ಟು ತಿಂಗಳಿಗೊಮ್ಮೆ ನೋಡಿ. ಅಕ್ಷರಗಳನ್ನು ಜೋಡಿಸುವ, ಬೇರ್ಪಡಿಸುವ, ಕಣ್ಣಿಗೆ ಕಾಣದ ಚಿಹ್ನೆಗಳು ಕೆಲವರ ಕೀಬೋರ್ಡಿನಿಂದ ಪದದ ಮಧ್ಯೆ ನುಸುಳಿರುತ್ತವೆ, ಹುಡುಕುವಾಗ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಡೆವಲಪರಿಗೆ ಹೇಳಿ.

ಪತ್ರಿಕೆಯ ಪಿಡಿಎಫ್‌ಗಳು ಬರೀ ಸ್ಕ್ಯಾನ್ ಚಿತ್ರಗಳಾದರೆ ಅವೂ ಹುಡುಕಾಟಕ್ಕೆ ಸಿಗುವುದಿಲ್ಲ. ಟೆಸರ‍್ಯಾಕ್ಟ್ ಅನ್ನುವ ಸಾಫ್ಟ್‌ವೇರ್ ಚಿತ್ರದಲ್ಲಿರುವ ಕನ್ನಡ ಓದುತ್ತದೆ, ಉಚಿತ. ತಪ್ಪು ಇರುತ್ತದೆ, ಆದರೂ ಹುಡುಕಲು ಸಾಕು. ಓದುವವರಿಗೆ ಮೂಲ ಚಿತ್ರವನ್ನೇ ತೋರಿಸಿ.

ಕಣ್ಣಳತೆ:

ತಡವಾಗಿ ಬಂದೆ. ಯಾರೂ ಹೇಳದ ಎರಡು ವಿಷಯ.

ಪ್ರಾರ್ಥನೆ ಕೋರಿಕೆಯ ಫಾರ್ಮ್ ಇದೆಯಾ ನಿಮ್ಮ ಸೈಟಿನಲ್ಲಿ? ಇಂಥ ಸಂಸ್ಥೆಗಳಲ್ಲಿ ಬಹಳ ಕಡೆ ಇರುತ್ತದೆ. ಜನ ಅದರಲ್ಲಿ ಹೆಸರು, ಫೋನ್ ನಂಬರ್, ಕಾಯಿಲೆ, ಗಂಡ ಹೆಂಡತಿ ಜಗಳ, ಸಾಲ, ಎಲ್ಲ ಬರೆದಿರುತ್ತಾರೆ. ನಾನು ನೋಡಿದ ಒಂದು ಸೈಟಿನಲ್ಲಿ ಎಂಟು ವರ್ಷದ ಕೋರಿಕೆಗಳು ಡೇಟಾಬೇಸಿನಲ್ಲಿ ಹಾಗೇ ಕೂತಿದ್ದವು, ಪ್ರತಿಯೊಂದೂ ಹದಿನಾಲ್ಕು ಜನರ ಇಮೇಲಿಗೆ ಹೋಗುತ್ತಿತ್ತು, ಅದರಲ್ಲಿ ಮೂವರು ಸಂಸ್ಥೆ ಬಿಟ್ಟು ಹೋಗಿದ್ದರು. ಯಾರೂ ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ, ಯಾರೂ ಯೋಚಿಸಿಯೇ ಇರಲಿಲ್ಲ. ಯುರೋಪಿನ ಜಿಡಿಪಿಆರ್ ಅನ್ನುವ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ, ಅದು ಧಾರ್ಮಿಕ ನಂಬಿಕೆಯನ್ನೂ ಆರೋಗ್ಯವನ್ನೂ ವಿಶೇಷ ರಕ್ಷಣೆಯ ಪಟ್ಟಿಯಲ್ಲೇ ಇಟ್ಟಿದೆ. ನಿಮ್ಮ ಕಡೆ ಯಾವ ಕಾನೂನೇ ಇರಲಿ, ನಿಮ್ಮ ಪತ್ರಿಕೆಗೆ ಚಂದಾದಾರರಾದ ಇಮೇಲ್ ಪಟ್ಟಿಯೇ ಒಬ್ಬರ ನಂಬಿಕೆ ಏನು ಅಂತ ಹೇಳಿಬಿಡುತ್ತದೆ. ಹೊಸ ಸೈಟಿಗೆ ಹಳೇ ಕೋರಿಕೆಗಳನ್ನು ಸಾಗಿಸಬೇಡಿ. ಮುಂದಕ್ಕೂ ಹೆಸರು ಕಡ್ಡಾಯ ಮಾಡಬೇಡಿ, ಒಂದು ತಿಂಗಳಾದ ಮೇಲೆ ತಾನಾಗಿ ಅಳಿಸಿಹೋಗುವ ಹಾಗೆ ಮಾಡಿ. ಇದೊಂದನ್ನು ಅಳಿಸಲು ಹಿರಿಯರೂ ಬೇಡ ಅನ್ನಲಾರರು.

ಎರಡನೆಯದು ಅಕ್ಷರದ ಗಾತ್ರ, ಬಣ್ಣ. ಧಾರ್ಮಿಕ ಸೈಟುಗಳಿಗೆ ಹೊನ್ನಿನ ಬಣ್ಣದ ಮೇಲೆ ಅದೇನು ಮೋಹವೋ. ಕೆನೆ ಬಣ್ಣದ ಹಿನ್ನೆಲೆ, ಅದರ ಮೇಲೆ ಚಿನ್ನದ ಅಕ್ಷರ, ನೋಡಲು ಚಂದ, ಓದಲು ಆಗುವುದಿಲ್ಲ. ನಿಮ್ಮ ಓದುಗರಲ್ಲಿ ವಯಸ್ಸಾದವರು ಜಾಸ್ತಿ ಅಲ್ವಾ? ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಪ್ರಕಾರ ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರಬೇಕು, ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿದರೂ ಪುಟ ಕೆಡಬಾರದು. ಡಿಸೈನ್ ಕಂಪನಿಯವರ ಆ ಚೆಂದದ ಚಿತ್ರವನ್ನು ಮೊದಲು ಇದಕ್ಕೆ ಹಿಡಿದು ನೋಡಿ. ಕನ್ನಡ ಅಕ್ಷರಕ್ಕೆ ಕೆಳಗೆ ಒತ್ತು ಬರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು, ಅವರು ಇಂಗ್ಲಿಷ್ ಅಕ್ಷರ ಇಟ್ಟು ಡಿಸೈನ್ ಮಾಡಿದ್ದರೆ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ.

ಸಂಪಾದಕಿ:

ಸ್ಲೈಡರ್ ವಿಷಯ. ವಾದ ಮಾಡಬೇಡಿ, ಗೆಲ್ಲುವುದಿಲ್ಲ. ನಾನು ಮಾಡಿದ್ದು ಹೇಳುತ್ತೇನೆ. ಕಮಿಟಿ ಸಭೆಯಲ್ಲಿ ಎಲ್ಲರಿಗೂ "ನಿಮ್ಮ ನಿಮ್ಮ ಫೋನ್ ತೆಗೆಯಿರಿ, ಮುಂದಿನ ಸಭೆ ಎಷ್ಟು ಗಂಟೆಗೆ ಅಂತ ನಮ್ಮ ಸೈಟಿನಲ್ಲಿ ಹುಡುಕಿ" ಅಂದೆ. ಅಷ್ಟೇ. ಸುಮ್ನೆ ಕೂತು ನೋಡಿದೆ. ಒಬ್ಬರು ಎರಡು ನಿಮಿಷ ಹುಡುಕಿ, ಕೊನೆಗೆ ಎದ್ದು ಹೊರಗೆ ಹೋಗಿ ಕಚೇರಿಗೆ ಫೋನ್ ಮಾಡಿ ಕೇಳಿಕೊಂಡು ಬಂದರು, ನಿಜವಾಗಿ! ಆ ದಿನ ಯಾರೂ ಸ್ಲೈಡರ್ ಪರ ಮಾತಾಡಲಿಲ್ಲ.

ಇನ್ನೂ ಬೇಕೇ ಬೇಕು ಅಂದರೆ ಸುತ್ತುವುದನ್ನು ಬಿಟ್ಟು ಒಂದೇ ಚಿತ್ರ ಇಡಿ, ತಿಂಗಳಿಗೊಂದು ವಿಭಾಗದ ಸರದಿ. ಸರದಿ ಪಟ್ಟಿ ಗೋಡೆ ಮೇಲೆ ಅಂಟಿಸಿ. ಸರದಿ ಬಂದಾಗ ಅರ್ಧ ಜನ ಚಿತ್ರವನ್ನೇ ಕೊಡುವುದಿಲ್ಲ, ನೋಡುತ್ತಿರಿ.

ಪುಟಗಾರ:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿ ಹೋಗೋಣ ಅಂತ ಬಂದೆ.

ಶೀಟ್ ಮುಗಿಯಿತು, 4,316 ಸಾಲು. ಅದರಲ್ಲಿ 1,900 ಚಿಲ್ಲರೆ ಕಚೇರಿಯ ಸುದ್ದಿ. ಅದನ್ನು ಇಳಿಸಲು ಹಿರಿಯರು ಒಂದೇ ಮಾತಿಗೆ ಒಪ್ಪಿದರು, ನಾನು ಸುಮ್ನೆ ಹೆದರಿಕೊಂಡಿದ್ದೆ. ಪ್ರಾರ್ಥನೆ ಕೋರಿಕೆಗಳು ಆರು ಸಾವಿರಕ್ಕೂ ಹೆಚ್ಚು ಇದ್ದವು. ಅದೇ ದಿನ ಅಳಿಸಿದೆವು. ಡಿಸೈನ್ ಕಂಪನಿಯವರನ್ನು ಕೂರಿಸಿಕೊಂಡು ಒಂದು ಉಪನ್ಯಾಸದ ಪುಟ, ಒಂದು ಪ್ರಶ್ನೋತ್ತರದ ಪುಟ ಮೊದಲು ಮಾಡಿ, ಹೋಂ ಪೇಜ್ ಕೊನೆಗೆ ಅಂದೆ. ಮುಖ ಸಪ್ಪಗೆ ಮಾಡಿದರು, ಆದರೆ ಮಾಡುತ್ತಿದ್ದಾರೆ. ಮೂರು ತಿಂಗಳ ಗಡುವು ಈಗ ಒಂಬತ್ತು ತಿಂಗಳಾಗಿದೆ.

ಫೋನ್ ಪರೀಕ್ಷೆಯನ್ನೂ ಮಾಡಿದೆ. ಏಳು ಜನರಲ್ಲಿ ಇಬ್ಬರಿಗೆ ಸಭೆಯ ಸಮಯ ಸಿಕ್ಕಿತು, ಅದರಲ್ಲಿ ಒಬ್ಬರಿಗೆ ಸಿಕ್ಕಿದ್ದು 2019ರದ್ದು. ನಮ್ಮ ಕಮಿಟಿಯ ಅತ್ಯಂತ ಹಿರಿಯರೊಬ್ಬರು ಮಾತ್ರ ಸಮಯ ಹುಡುಕುವುದನ್ನು ಬಿಟ್ಟು ಎಲ್ಲೆಲ್ಲೋ ಒತ್ತುತ್ತಾ ಆ ವಿಚಿತ್ರ ಅಕ್ಷರಗಳ ಪುಟಕ್ಕೆ ಹೋಗಿಬಿಟ್ಟಿದ್ದರು. ಫೋನನ್ನು ನನ್ನ ಕಡೆ ತಿರುಗಿಸಿ "ಇದು ಯಾಕೆ ಹೀಗಾಗಿದೆ?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಟೈಪ್ ಮಾಡಿದ್ದು ನಾನೇ, ಕ್ಯಾಸೆಟ್ ಹಾಕಿಕೊಂಡು, ರಾತ್ರಿ ಹೊತ್ತು" ಅಂದರು. ಅದು ನನಗೆ ಗೊತ್ತೇ ಇರಲಿಲ್ಲ.

ಪರಿವರ್ತಕದಿಂದ ಬಂದ ಮೊದಲ ಐದು ಪುಟಗಳನ್ನು ಅಚ್ಚು ಹಾಕಿಸಿ ಕೊಟ್ಟಿದ್ದೇನೆ. ಕೆಂಪು ಪೆನ್ನಿನಲ್ಲಿ ಅರ್ಕಾವತ್ತು ತಿದ್ದುತ್ತಾ ಕೂತಿದ್ದಾರೆ. ಆ 37 ಸಾಲುಗಳ ಕೊನೆಯ ಕಾಲಂನಲ್ಲಿ ಈಗ ಅವರ ಹೆಸರಿದೆ.